ಹನ್ನೆರಡು ಒಳ್ಳೆ ಫೋಟೋ ಇದ್ದರೂ ಕಥೆ ಯಾಕೆ ಆಗಲಿಲ್ಲ?

ಪ್ರಶ್ನೆ: ನಾನು ಮದ್ದೂರು ಕಡೆಯವಳು, ಕೆಲಸ ಬೆಂಗಳೂರಿನಲ್ಲಿ. ನಮ್ಮ ಚಿಕ್ಕಪ್ಪನವರದು ಒಂದು ಆಲೆಮನೆ ಇದೆ. ಊರಿಗೆ ಹೋದಾಗಲೆಲ್ಲ ಅಲ್ಲಿ ಮೊಬೈಲಿನಲ್ಲಿ ಫೋಟೋ ತೆಗೆಯುತ್ತೇನೆ. ಬಿಡಿಬಿಡಿಯಾಗಿ ನೋಡಿದವರು ಚೆನ್ನಾಗಿದೆ ಅನ್ನುತ್ತಾರೆ. ಆದರೆ ಒಟ್ಟಿಗೆ ಜೋಡಿಸಿದರೆ ಒಂದು ಕಥೆ ಹೇಳಿದ ಹಾಗೆ ಆಗುವುದೇ ಇಲ್ಲ. ಹನ್ನೆರಡು ಚಿತ್ರ ಕಳಿಸಿದ್ದೇನೆ, ನೋಡಿ. ಚಿಕ್ಕಪ್ಪ ಮುಂದಿನ ವರ್ಷ ಒಲೆ ಹಚ್ಚುತ್ತಾರೋ ಇಲ್ಲವೋ ಗೊತ್ತಿಲ್ಲ. ಅಷ್ಟರೊಳಗೆ ಒಂದು ಒಳ್ಳೆ ಸರಣಿ ಮಾಡಬೇಕು ಅಂತ ಆಸೆ. ಹೊಸ ಕ್ಯಾಮೆರಾ ತಗೋಬೇಕಾ? ಎಲ್ಲಿಂದ ಶುರು ಮಾಡಲಿ?

ಉತ್ತರ: ಕ್ಯಾಮೆರಾ ಈಗ ಬೇಡ. ಆ ದುಡ್ಡನ್ನು ಊರಿಗೆ ಹೋಗಿ ಬರುವುದಕ್ಕೆ, ಪ್ರಿಂಟ್ ಹಾಕಿಸುವುದಕ್ಕೆ ಇಟ್ಟುಕೊಳ್ಳಿ. ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಾಲು ಬೇರೆ. "ಚಿಕ್ಕಪ್ಪ ಮುಂದಿನ ವರ್ಷ ಒಲೆ ಹಚ್ಚುತ್ತಾರೋ ಇಲ್ಲವೋ ಗೊತ್ತಿಲ್ಲ" ಎಂದು ಹಾಗೇ ಬರೆದು ಮುಂದೆ ಹೋಗಿದ್ದೀರಿ. ನಿಮ್ಮ ಕಥೆ ಅಲ್ಲಿದೆ. ಇದನ್ನು ಓದಿದ ಮೇಲೆ ಹನ್ನೆರಡು ಚಿತ್ರಗಳನ್ನು ಇನ್ನೊಮ್ಮೆ ನೋಡಿದೆ. ಅದರ ಸುಳಿವು ಒಂದರಲ್ಲೂ ಇಲ್ಲ.

ಏನಿದೆ ಅಂದರೆ, ಕೊಪ್ಪರಿಗೆಯಿಂದ ಏಳುವ ಆವಿ ನಾಲ್ಕು ಚಿತ್ರಗಳಲ್ಲಿದೆ. ನಾಲ್ಕೂ ಚೆಂದ, ನಾಲ್ಕೂ ಒಂದೇ ಮಾತು ಹೇಳುತ್ತವೆ. ಸಾಲಾಗಿ ಜೋಡಿಸಿದ ಬೆಲ್ಲದ ಅಚ್ಚು ಮೂರರಲ್ಲಿದೆ. ಕಬ್ಬು ತುಂಬಿದ ಗಾಡಿ, ಒಲೆಯ ಬೆಂಕಿ, ಗಾಣದ ಚಕ್ರ, ಅಂಗಳದಲ್ಲಿ ಒಣಗಿದ ಸಿಪ್ಪೆಯ ರಾಶಿ. ಚಿಕ್ಕಪ್ಪ ಇರುವುದು ಒಂದೇ ಒಂದರಲ್ಲಿ. ಅದರಲ್ಲೂ ನಿಮ್ಮ ಕಡೆ ತಿರುಗಿ ನಗುತ್ತಿದ್ದಾರೆ. ಅಂದರೆ ನಿಮ್ಮ ಹತ್ತಿರ ಆಲೆಮನೆ ಎಂಬ ಜಾಗದ ಫೋಟೋಗಳಿವೆ. ಮಂಡ್ಯದ ಯಾವ ಆಲೆಮನೆಗೆ ಯಾರು ಹೋದರೂ ತೆಗೆಯಬಹುದಾದವು. ಚಿಕ್ಕಪ್ಪನ ಮಗಳಂತಿರುವ ನೀವು ಮಾತ್ರ ತೆಗೆಯಬಹುದಾದವು ಇನ್ನೂ ಬಂದಿಲ್ಲ.

ಹೊಸಬರು ಎಡವುವುದು ಸಾಮಾನ್ಯವಾಗಿ ಇಲ್ಲೇ. ಆಲೆಮನೆ ಒಂದು ವಿಷಯ. ಜಾತ್ರೆ, ಸಂತೆ, ಮೀನು ಮಾರುಕಟ್ಟೆ ಕೂಡ ವಿಷಯಗಳೇ. ವಿಷಯ ಹಿಡಿದು ಹೊರಟರೆ ಕಣ್ಣು ಚೆಂದ ಇರುವುದನ್ನೆಲ್ಲ ಹೆಕ್ಕಿಕೊಂಡು ಬರುತ್ತದೆ. ಕಥೆ ಆಗಬೇಕಾದರೆ ಒಬ್ಬ ಮನುಷ್ಯ ಬೇಕು, ಆ ಮನುಷ್ಯನಿಗೆ ಏನೋ ಬೇಕಾಗಿರಬೇಕು ಅಥವಾ ಏನೋ ಕೈಬಿಡುತ್ತಿರಬೇಕು. ಅದು ಆಗುತ್ತದೋ ಇಲ್ಲವೋ ಎಂದು ನೋಡುವವರಿಗೆ ತಿಳಿಯುವ ಆಸೆ ಹುಟ್ಟಬೇಕು. ಅದಕ್ಕೇ ನಾನು ಹೇಳುವುದು ಇಷ್ಟು: ಫೋಟೋ ತೆಗೆಯುವ ಮೊದಲು ಒಂದು ಪ್ರಶ್ನೆಯನ್ನು ಕಾಗದದ ಮೇಲೆ ಬರೆದುಕೊಳ್ಳಿ. ನಿಮ್ಮದು ಹೀಗಿರಬಹುದು: "ಇಷ್ಟು ವರ್ಷ ಬೆಲ್ಲ ಮಾಡಿದವರು ಇದನ್ನು ಯಾಕೆ ಬಿಡಬೇಕು ಅಂದುಕೊಳ್ಳುತ್ತಿದ್ದಾರೆ? ಬಿಟ್ಟರೆ ಅವರಿಂದ ಏನು ಹೋಗುತ್ತದೆ?" ಇದಕ್ಕೆ ನಿಮಗೆ ಉತ್ತರ ಗೊತ್ತಿರಬೇಕಾಗಿಲ್ಲ. ಗೊತ್ತಿಲ್ಲದಿದ್ದರೇ ಒಳ್ಳೆಯದು, ಯಾಕೆಂದರೆ ಹುಡುಕುತ್ತೀರಿ.

ಇದು ಹೇಗೆ ಕೆಲಸ ಮಾಡುತ್ತದೆ ಎಂದು ತೋರಿಸಲು ನಾನು ಯಾವಾಗಲೂ ಒಂದು ಹಳೆಯ ಚಿತ್ರಕಥೆಯನ್ನು ಎತ್ತಿಕೊಳ್ಳುತ್ತೇನೆ. ಅಮೆರಿಕದ ಲೈಫ್ ಪತ್ರಿಕೆಯಲ್ಲಿ 1948ರ ಸೆಪ್ಟೆಂಬರ್ 20ರಂದು 'ಕಂಟ್ರಿ ಡಾಕ್ಟರ್' ಎಂಬ ಹೆಸರಿನಲ್ಲಿ ಬಂತು. ತೆಗೆದವರು ಡಬ್ಲ್ಯೂ. ಯುಜೀನ್ ಸ್ಮಿತ್. ಕೊಲೊರಾಡೊ ರಾಜ್ಯದ ಕ್ರೆಮ್ಲಿಂಗ್ ಎಂಬ ಪುಟ್ಟ ಊರು. ಸುತ್ತಮುತ್ತ ಸುಮಾರು 400 ಚದರ ಮೈಲಿಗೆ, 2000 ಜನಕ್ಕೆ ಇದ್ದವರು ಅರ್ನೆಸ್ಟ್ ಸೆರಿಯಾನಿ ಎಂಬ ಒಬ್ಬರೇ ಡಾಕ್ಟರ್. ಸ್ಮಿತ್ ಅವರ ಜೊತೆ 23 ದಿನ ಇದ್ದರು. ಮೊದಮೊದಲು ಕ್ಯಾಮೆರಾಗೆ ರೀಲ್ ಹಾಕದೆಯೇ ಕ್ಲಿಕ್ ಮಾಡುತ್ತಿದ್ದರಂತೆ, ಡಾಕ್ಟರಿಗೆ ಕ್ಯಾಮೆರಾ ಅಭ್ಯಾಸವಾಗಲಿ ಅಂತ.

ಇದನ್ನು 'ಹಳ್ಳಿ ಆಸ್ಪತ್ರೆ' ಎಂಬ ವಿಷಯವಾಗಿ ತೆಗೆದಿದ್ದರೆ ಏನು ಸಿಗುತ್ತಿತ್ತು? ಹಾಸಿಗೆಗಳು, ಔಷಧಿ ಬಾಟಲಿಗಳು, ಕಾಯುತ್ತಾ ಕೂತ ಜನ. ಸ್ಮಿತ್ ಹಿಡಿದ ಪ್ರಶ್ನೆ ಬೇರೆ ಇತ್ತು ಎಂದು ಚಿತ್ರಗಳನ್ನು ನೋಡಿದರೆ ಗೊತ್ತಾಗುತ್ತದೆ: ಇಷ್ಟು ಜನರ ಭಾರ ಹೊತ್ತ ಒಬ್ಬ ಮನುಷ್ಯ ಹೇಗಿರುತ್ತಾನೆ? ಮೊದಲ ಚಿತ್ರದಲ್ಲಿ ಡಾಕ್ಟರ್ ಕೈಯಲ್ಲಿ ಬ್ಯಾಗ್ ಹಿಡಿದು, ಕಳೆ ಬೆಳೆದ ಬಯಲಿನಲ್ಲಿ ಒಬ್ಬರೇ ನಡೆದು ಬರುತ್ತಿದ್ದಾರೆ. ಮೇಲೆ ಮೋಡ ಕವಿದ ಆಕಾಶ. ಆಸ್ಪತ್ರೆ ಕಾಣುವುದೇ ಇಲ್ಲ. ಆದರೂ ಒಬ್ಬಂಟಿತನ, ದೂರ, ಕೆಲಸ ಮೂರೂ ಬಂದುಬಿಟ್ಟವು.

ಆಮೇಲೆ ರೋಗಿಗಳು ಬರುತ್ತಾರೆ, ಒಬ್ಬರಾದ ಮೇಲೆ ಒಬ್ಬರು. ನಡುವೆ ಡಾಕ್ಟರ್ ಮೀನು ಹಿಡಿಯಲು ಹೊಳೆಗೆ ಹೋಗುತ್ತಾರೆ. ನೋಡುವವರಿಗೂ ಒಂದು ಉಸಿರು ಸಿಕ್ಕ ಹಾಗಾಗುತ್ತದೆ. ಅಷ್ಟರಲ್ಲೇ ಕರೆ ಬರುತ್ತದೆ. ಪುಟ್ಟ ಹೆಣ್ಣುಮಗುವಿನ ತಲೆಗೆ ಕುದುರೆ ಒದ್ದಿದೆ. ಮುಂದಿನ ಚಿತ್ರಗಳಲ್ಲಿ ಮಗು, ಹೆದರಿದ ತಂದೆ ತಾಯಿ, ಹೊಲಿಗೆ ಹಾಕುವ ಡಾಕ್ಟರ್. ಒಂದು ಚಿತ್ರದಲ್ಲಿ ಅವರ ಮುಖ ನೋಡಬೇಕು. ಆ ಮಗುವಿನ ಕಣ್ಣು ಉಳಿಯುವುದಿಲ್ಲ ಎಂದು ಅವರಿಗೆ ಗೊತ್ತಾಗಿದೆ, ತಂದೆ ತಾಯಿಗೆ ಹೇಗೆ ಹೇಳುವುದು ಎಂಬುದು ಹಣೆಯ ಮೇಲೆ ಕಾಣುತ್ತದೆ. ಈಗ ಮೀನು ಹಿಡಿಯುವ ಚಿತ್ರಕ್ಕೆ ಹಿಂತಿರುಗಿ. ಅದೊಂದನ್ನೇ ನೋಡಿದರೆ ಸಾಧಾರಣ ಚಿತ್ರ. ಮಗುವಿನ ಚಿತ್ರದ ಹಿಂದೆ ಬಂದಾಗ ಅದಕ್ಕೆ ಬೇರೆ ಅರ್ಥವೇ ಬರುತ್ತದೆ. ಈ ಮನುಷ್ಯನಿಗೆ ಅರ್ಧ ದಿನದ ಬಿಡುವೂ ಇಲ್ಲ ಎಂಬುದನ್ನು ಯಾವ ಒಂದೇ ಫೋಟೋವೂ ಹೇಳಲಾರದು.

ಕೊನೆಯ ಚಿತ್ರ ಬಹಳ ಹೆಸರಾದದ್ದು. ರಾತ್ರಿ ಎರಡು ಗಂಟೆಯವರೆಗೆ ಆಪರೇಷನ್ ಮಾಡಿ ಸುಸ್ತಾದ ಸೆರಿಯಾನಿ ಆಸ್ಪತ್ರೆಯ ಅಡುಗೆಮನೆಯಲ್ಲಿ ನಿಂತಿದ್ದಾರೆ. ಒಂದು ಕೈಯಲ್ಲಿ ಕಾಫಿ, ಇನ್ನೊಂದರಲ್ಲಿ ಸಿಗರೇಟು. ತಲೆಯ ಮೇಲಿನ ಆಪರೇಷನ್ ಟೋಪಿಯನ್ನೂ ತೆಗೆದಿಲ್ಲ. ಅಲ್ಲಿ ಏನೂ ನಡೆಯುತ್ತಿಲ್ಲ. ಕೆಲಸ ಮುಗಿದ ಮೇಲಿನ ಗಳಿಗೆ ಅದು. ನಮ್ಮಲ್ಲಿ ಬಹಳ ಜನ ಕೆಲಸ ನಡೆಯುವಾಗ ಕ್ಲಿಕ್ಕಿಸುತ್ತೇವೆ, ಕೆಲಸ ನಿಂತ ಕೂಡಲೇ ಮೊಬೈಲ್ ಜೇಬಿಗೆ ಹಾಕುತ್ತೇವೆ. ದಯವಿಟ್ಟು ಆ ಹೊತ್ತಿನಲ್ಲಿ ಜೇಬಿಗೆ ಹಾಕಬೇಡಿ. ಮನುಷ್ಯ ತನ್ನ ಮುಖವನ್ನು ತನಗೆ ತಾನೇ ಬಿಟ್ಟುಕೊಡುವುದು ಕೆಲಸ ಮುಗಿದ ಮೇಲೆ.

ಈಗ ಆಲೆಮನೆಗೆ ಬರೋಣ. ಮುಂದಿನ ಸಲ ಹೋದಾಗ ಮೊದಲ ಅರ್ಧ ದಿನ ಫೋಟೋ ತೆಗೆಯಬೇಡಿ. ಚಿಕ್ಕಪ್ಪನ ಹತ್ತಿರ ಕೂತು ಮಾತಾಡಿ. ಯಾಕೆ ಬಿಡಬೇಕು ಅನ್ನಿಸಿದೆ ಎಂದು ಕೇಳಿ. ಬೆಲ್ಲದ ರೇಟೋ, ಕೆಲಸಕ್ಕೆ ಜನ ಸಿಗದಿರುವುದೋ, ಮೈಯಲ್ಲಿ ಶಕ್ತಿ ಇಲ್ಲದಿರುವುದೋ, ಮಕ್ಕಳು ಬೇರೆ ದಾರಿ ಹಿಡಿದಿರುವುದೋ. ಉತ್ತರ ಯಾವುದು ಎನ್ನುವುದರ ಮೇಲೆ ನೀವು ತೆಗೆಯಬೇಕಾದ ಫೋಟೋಗಳೇ ಬದಲಾಗುತ್ತವೆ. ರೇಟೇ ಕಾರಣ ಆದರೆ ನೀವು ಅವರ ಜೊತೆ ಮಂಡ್ಯದ ಮಾರುಕಟ್ಟೆಗೆ ಹೋಗಬೇಕು, ಹರಾಜಿನಲ್ಲಿ ಬೆಲೆ ಕೂಗುವಾಗ ಅವರ ಮುಖ ನೋಡಬೇಕು, ರಾತ್ರಿ ಲೆಕ್ಕ ಬರೆಯುವಾಗ ಪಕ್ಕದಲ್ಲಿ ಇರಬೇಕು. ಜನ ಸಿಗದಿರುವುದು ಕಾರಣ ಆದರೆ ಕಥೆಯೊಳಗೆ ಕೆಲಸಗಾರರು ಬರಬೇಕು. ಈಗ ಮಂಡ್ಯದ ಎಷ್ಟೋ ಆಲೆಮನೆಗಳಲ್ಲಿ ಉತ್ತರ ಭಾರತದಿಂದ ಬಂದವರು ದುಡಿಯುತ್ತಾರೆ. ಅವರ ಅಡುಗೆ, ಮಲಗುವ ಜಾಗ, ಊರಿಗೆ ಮಾಡುವ ಫೋನ್ ಕೂಡ ಆಗ ಈ ಕಥೆಯ ಭಾಗ.

ಯಾವ ಕಾರಣವೇ ಇರಲಿ, ಒಂದು ಗಳಿಗೆಯನ್ನು ಮಾತ್ರ ಬಿಡಬೇಡಿ. ಅದು ಹದ. ನಿಮಗೆ ಗೊತ್ತಿರುವುದೇ, ಆದರೆ ಫೋಟೋದ ಕಣ್ಣಿನಿಂದ ಇನ್ನೊಮ್ಮೆ ನೋಡಿ. ಎರಡು ಮೂರು ಗಂಟೆ ಕಬ್ಬಿನ ಹಾಲು ಕುದಿಯುತ್ತದೆ. ಸುಣ್ಣ ಹಾಕುತ್ತಾರೆ, ಮೇಲೆ ಬಂದ ಕೊಳೆಯನ್ನು ತೆಗೆಯುತ್ತಾರೆ, ಒಲೆಗೆ ಸಿಪ್ಪೆ ತಳ್ಳುತ್ತಲೇ ಇರುತ್ತಾರೆ. ಆವರೆಗೂ ನಿಧಾನ. ಪಾಕ 115ರಿಂದ 118 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗ ಎಲ್ಲ ಒಮ್ಮೆಲೇ ಬದಲಾಗುತ್ತದೆ. ಥರ್ಮಾಮೀಟರ್ ಯಾರ ಕೈಯಲ್ಲೂ ಇರುವುದಿಲ್ಲ. ಚಿಕ್ಕಪ್ಪ ಒಂದಿಷ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾರೆ. ಬೇಗ ಇಳಿಸಿದರೆ ಬೆಲ್ಲ ಗಟ್ಟಿಯಾಗದು. ತಡವಾದರೆ ಸೀದು ಬಣ್ಣ ಕೆಡುತ್ತದೆ, ಬೆಲೆ ಬೀಳುತ್ತದೆ. ಒಂದು ಕೊಪ್ಪರಿಗೆ ಕಬ್ಬಿನ ಹಾಲು ಅವರ ಎರಡು ಬೆರಳ ಮೇಲೆ ನಿಂತಿರುತ್ತದೆ. ಅವರು ಆಲೆಮನೆ ಬಿಟ್ಟರೆ ಹೋಗುವುದು ಆ ಬೆರಳಿನ ತಿಳಿವಳಿಕೆ. ನಿಮ್ಮ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ಕಾಣುತ್ತಿಲ್ಲ.

ಹಾಗಾಗಿ ಹದ ನೋಡುವುದನ್ನು ಒಂದು ಸಲ ತೆಗೆದು ಸುಮ್ಮನಾಗಬೇಡಿ. ದಿನಕ್ಕೆ ಎಷ್ಟು ಕೊಪ್ಪರಿಗೆ ಇಳಿಯುತ್ತದೋ ಅಷ್ಟು ಸಲವೂ ನಿಲ್ಲಿ. ಒಂದು ಸಲ ಬೆರಳಿನ ಹತ್ತಿರ ಹೋಗಿ. ಇನ್ನೊಂದು ಸಲ ಅವರ ಮುಖ ಮಾತ್ರ. ಮತ್ತೊಂದು ಸಲ ಹಿಂದೆ ಸರಿದು, ಅವರ ಮಾತಿಗಾಗಿ ಕಾಯುತ್ತಾ ನಿಂತ ಕೆಲಸಗಾರರನ್ನೂ ಸೇರಿಸಿಕೊಳ್ಳಿ. ನನಗೆ ಕೇಳಿದರೆ ಈ ಮೂರನೆಯದೇ ಗಟ್ಟಿ ಚಿತ್ರ ಆಗಬಹುದು. ಎಲ್ಲರ ಕಣ್ಣೂ ಒಬ್ಬರ ಕೈಯ ಮೇಲಿರುತ್ತದಲ್ಲ.

ಮೊಬೈಲಿನ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಆಲೆಮನೆಯಲ್ಲಿ ಆವಿಯೂ ಸಿಹಿ ಜಿಡ್ಡೂ ಲೆನ್ಸಿಗೆ ಕೂರುತ್ತವೆ, ಮೆತ್ತನೆ ಬಟ್ಟೆ ಇಟ್ಟುಕೊಂಡು ಆಗಾಗ ಒರೆಸಿ. ಆವಿಯಲ್ಲಿ ಫೋಕಸ್ ಅಲೆದಾಡುತ್ತದೆ. ಬೇಕಾದ ಜಾಗದ ಮೇಲೆ ಬೆರಳು ಒತ್ತಿ ಹಿಡಿದರೆ ಬಹುತೇಕ ಫೋನ್‌ಗಳಲ್ಲಿ ಫೋಕಸ್ಸೂ ಬೆಳಕೂ ಲಾಕ್ ಆಗುತ್ತವೆ. ಆಮೇಲೆ ಬೆಳಕನ್ನು ಸ್ವಲ್ಪ ಕೆಳಗೆ ಎಳೆಯಿರಿ. ಬೆಂಕಿ ಬೆಳ್ಳಗೆ ಸುಟ್ಟುಹೋದರೆ ಆಮೇಲೆ ತರಲಾಗದು, ಕತ್ತಲನ್ನು ಸ್ವಲ್ಪ ಎತ್ತಬಹುದು. ಬೆಳಗಿನ ಬಿಸಿಲು ಆವಿಯ ಹಿಂದಿನಿಂದ ಬರುವ ಕಡೆ ನಿಂತರೆ ಆವಿಗೆ ರೂಪ ಬರುತ್ತದೆ. ಬೆರಳಿನಿಂದ ಜೂಮ್ ಮಾಡಬೇಡಿ, ಕಾಲಿನಿಂದ ಹತ್ತಿರ ಹೋಗಿ. ಆದರೆ ಕುದಿಯುವ ಕೊಪ್ಪರಿಗೆಯ ಅಂಚಿಗೆ ಬೇಡ. ಕಾದ ಪಾಕ ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ. ಮುಖ ನುಣ್ಣಗೆ ಮಾಡುವ ಬ್ಯೂಟಿ ಮೋಡ್ ಆಫ್ ಮಾಡಿ, ಚಿಕ್ಕಪ್ಪನ ಮುಖದ ಗೆರೆಗಳು ನಮಗೆ ಬೇಕು.

ಊರಿಗೆ ಹೋಗುವವರೆಗೆ ಬೆಂಗಳೂರಿನಲ್ಲೇ ಅಭ್ಯಾಸ ಮಾಡಬಹುದು. ನಿಮ್ಮ ಬೀದಿಯ ಇಸ್ತ್ರಿ ಅಂಗಡಿಯವರನ್ನು ಕೇಳಿ, ಒಪ್ಪಿದರೆ ಒಂದು ಬೆಳಗ್ಗೆ ಅಲ್ಲಿ ನಿಲ್ಲಿ. ಒಂದು ಪ್ರಶ್ನೆ ಇಟ್ಟುಕೊಳ್ಳಿ, ಸಣ್ಣದೇ ಇರಲಿ: ಇಷ್ಟು ಮನೆಗಳ ಬಟ್ಟೆ ಯಾವುದು ಯಾರದ್ದು ಎಂದು ಇವರಿಗೆ ಹೇಗೆ ನೆನಪಿರುತ್ತದೆ? ಐದೇ ಐದು ಫೋಟೋದಲ್ಲಿ ಉತ್ತರ ಹೇಳಲು ನೋಡಿ. ಎರಡರಲ್ಲಿ ಮುಖ ಇರಬಾರದು ಎಂದು ನಿಯಮ ಹಾಕಿಕೊಳ್ಳಿ. ಆಗ ಕೈ, ಗುರುತಿನ ದಾರ, ಗಂಟು, ಚೀಟಿ ಎಲ್ಲ ಕಣ್ಣಿಗೆ ಬೀಳತೊಡಗುತ್ತವೆ. ಮೊದಲ ಸಲ ಆಗದಿದ್ದರೆ ಅದೇ ಅಂಗಡಿಗೆ ಮತ್ತೆ ಹೋಗಿ. ಹೊಸ ಜಾಗ ಹುಡುಕಬೇಡಿ. ಮೈಸೂರಿನಲ್ಲಿ ಹುಟ್ಟಿ ಬೆಳೆದ ಟಿ.ಎಸ್. ಸತ್ಯನ್ ಅವರ ಕಪ್ಪು ಬಿಳುಪು ಚಿತ್ರಗಳು ಸಿಕ್ಕಿದರೆ ಬಿಡುವು ಮಾಡಿಕೊಂಡು ನೋಡಿ. 1977ರಲ್ಲಿ ಪದ್ಮಶ್ರೀ ಪಡೆದವರು, ಯುನಿಸೆಫ್‌ಗಾಗಿ ಮಕ್ಕಳ ಬದುಕನ್ನು ತೆಗೆದವರು. ಆ ಚಿತ್ರಗಳಲ್ಲಿ ದೊಡ್ಡ ಘಟನೆಗಳು ಕಡಿಮೆ. ಶಾಲೆ, ಬೀದಿ, ಮನೆ, ದಿನದ ಕೆಲಸ. ಎದುರಿಗಿದ್ದ ಮನುಷ್ಯನ ಮೇಲಿನ ಪ್ರೀತಿ ಮಾತ್ರ ಎಲ್ಲದರಲ್ಲೂ ಕಾಣುತ್ತದೆ.

ನಿಜವಾದ ಕೆಲಸ ಶುರುವಾಗುವುದು ಫೋಟೋ ತೆಗೆದಾದ ಮೇಲೆ. ನನ್ನ ದುಡಿಮೆಯ ಹೆಚ್ಚು ಭಾಗ ಪತ್ರಿಕೆಗೆ ಚಿತ್ರ ಆರಿಸುವುದರಲ್ಲೇ ಕಳೆದಿದೆ, ಹಾಗಾಗಿ ಇಲ್ಲಿ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಮೊಬೈಲಿನ ಪರದೆಯಲ್ಲಿ ಆರಿಸಬೇಡಿ. ಅಲ್ಲಿ ಒಂದು ಸಲಕ್ಕೆ ಒಂದೇ ಚಿತ್ರ ಕಾಣುವುದರಿಂದ ಚೆಂದ ಇರುವುದೇ ಗೆಲ್ಲುತ್ತದೆ. ಇಷ್ಟವಾದ ನಲವತ್ತು ಐವತ್ತನ್ನು ಸ್ಟುಡಿಯೋದಲ್ಲಿ ಸಣ್ಣ ಸೈಜಿಗೆ ಪ್ರಿಂಟ್ ಹಾಕಿಸಿ, ನೆಲದ ಮೇಲೆ ಹರಡಿ. ಮೊದಲು ಒಂದೇ ಮಾತು ಹೇಳುವ ಚಿತ್ರಗಳನ್ನು ಗುಂಪು ಮಾಡಿ, ಪ್ರತಿ ಗುಂಪಿನಲ್ಲಿ ಒಂದನ್ನು ಉಳಿಸಿ. ನಿಮ್ಮ ಆವಿಯ ನಾಲ್ಕರಲ್ಲಿ ಮೂರು ಹೋಗುತ್ತವೆ. ನೋವಾಗುತ್ತದೆ, ಗೊತ್ತು. ಅದರಲ್ಲೂ ಅತಿ ಚೆಂದದ ಫೋಟೋ ಕಥೆಗೆ ಬೇಡವಾದಾಗ ಕೈಬಿಡುವುದು ತುಂಬ ಕಷ್ಟ. ಅದನ್ನು ಬೇರೆ ಕಡೆ ಇಟ್ಟುಕೊಳ್ಳಿ, ಈ ಸಾಲಿಗೆ ಬೇಡ.

ಉಳಿದವನ್ನು ಸಾಲಾಗಿ ಇಡುತ್ತಾ ಪ್ರತಿ ಚಿತ್ರಕ್ಕೂ ಕೇಳಿ: ಹಿಂದಿನದು ಹೇಳದ ಏನನ್ನು ಇದು ಹೇಳುತ್ತಿದೆ? ಉತ್ತರ ಬರದಿದ್ದರೆ ತೆಗೆದುಬಿಡಿ. ಕಬ್ಬು ಬಂತು, ಅರೆದರು, ಕುದಿಸಿದರು, ಅಚ್ಚಿಗೆ ಸುರಿದರು ಎಂಬ ಕ್ರಮದಲ್ಲೇ ಇಡಬೇಕು ಎಂದೇನೂ ಇಲ್ಲ. ಹಾಗೆ ಇಟ್ಟರೆ ಅದು ಬೆಲ್ಲ ಮಾಡುವ ವಿಧಾನ ಆಗುತ್ತದೆ, ಚಿಕ್ಕಪ್ಪ ಕಳೆದುಹೋಗುತ್ತಾರೆ. ಒಲೆ ಹಚ್ಚದ ದಿನದ ಖಾಲಿ ಕೊಪ್ಪರಿಗೆಯ ಪಕ್ಕದಲ್ಲಿ ಅವರು ಕೂತ ಚಿತ್ರದಿಂದ ಶುರು ಮಾಡಬಹುದು. ನೋಡುವವರಿಗೆ ಯಾಕೆ ಎಂಬ ಪ್ರಶ್ನೆ ಮೊದಲೇ ಹುಟ್ಟುತ್ತದೆ, ಆಮೇಲೆ ಬೆಂಕಿ, ಆವಿ, ಜನ ಬಂದಾಗ ಅದೆಲ್ಲ ಬೇರೆಯಾಗಿ ಕಾಣುತ್ತದೆ. ಗದ್ದಲದ ಎರಡು ಮೂರು ಚಿತ್ರ ಬಂದ ಮೇಲೆ ಖಾಲಿ ಜಾಗ ಇರುವ ಒಂದು ಚಿತ್ರ ಇಡಿ. 'ಕಂಟ್ರಿ ಡಾಕ್ಟರ್'ನಲ್ಲಿ ಡಾಕ್ಟರ್ ಮೀನು ಹಿಡಿಯುವ ಚಿತ್ರ ಬಂತಲ್ಲ, ಹಾಗೆ.

ಲೈಫ್ ಪತ್ರಿಕೆಯವರದೆಂದು ಹೇಳುವ ಎಂಟು ಬಗೆಯ ಚಿತ್ರಗಳ ಪಟ್ಟಿಯೊಂದು ಫೋಟೋ ತರಗತಿಗಳಲ್ಲಿ ಓಡಾಡುತ್ತದೆ. ಇಡೀ ಜಾಗ ತೋರಿಸುವುದು, ನಡುದೂರದ್ದು, ಹತ್ತಿರದ್ದು, ಒಬ್ಬರ ಭಾವಚಿತ್ರ, ಇಬ್ಬರ ನಡುವಿನ ಮಾತುಕತೆ, ಒಂದು ಕೆಲಸದ ಹಂತಗಳು, ಕಥೆಯ ಸಾರವನ್ನೇ ಹಿಡಿದದ್ದು, ಮುಗಿಸುವಂಥದ್ದು. ಪಟ್ಟಿ ಒಳ್ಳೆಯದೇ. ಆದರೆ ಅದನ್ನು ಹಿಡಿದುಕೊಂಡು ಫೋಟೋ ತೆಗೆಯಲು ಹೋಗಬೇಡಿ. ಪ್ರಿಂಟ್ ಹರಡಿದ ಮೇಲೆ ಏನು ಕಡಿಮೆಯಾಗಿದೆ ಎಂದು ನೋಡಲು ಬಳಸಿ. ನಿಮ್ಮ ಹನ್ನೆರಡರಲ್ಲಿ ಇಬ್ಬರು ಮನುಷ್ಯರು ಪರಸ್ಪರ ನೋಡಿಕೊಳ್ಳುವ ಚಿತ್ರ ಒಂದೂ ಇಲ್ಲ ಎಂಬುದು ಆಗ ತಕ್ಷಣ ಹೊಳೆಯುತ್ತದೆ. ಚಿಕ್ಕಮ್ಮ ಎಲ್ಲೂ ಇಲ್ಲ. ಅವರು ಆಲೆಮನೆಗೆ ಬರುವುದೇ ಇಲ್ಲವಾ? ಊಟ ತರುವುದಿಲ್ಲವಾ? ನಿಲ್ಲಿಸುವ ಮಾತು ಬಂದಾಗ ಅವರು ಏನನ್ನುತ್ತಾರೆ?

ಜೋಡಿಸಿದ ಸಾಲನ್ನು ಆಲೆಮನೆ ನೋಡದ ಯಾರಿಗಾದರೂ ತೋರಿಸಿ. ಏನೂ ಹೇಳಬೇಡಿ. ಅವರೇ ಕಥೆ ಹೇಳಲಿ. ಅವರು "ಬೆಲ್ಲ ಹೀಗೆ ಮಾಡ್ತಾರಾ" ಅಂದರೆ ಇನ್ನೂ ಕೆಲಸ ಇದೆ. "ಇವರು ಯಾಕೆ ಹೀಗೆ ಕೂತಿದ್ದಾರೆ, ಏನಾಯ್ತು" ಅಂದರೆ ದಾರಿ ಸರಿ ಇದೆ.

ಫೋಟೋದ ಕೆಳಗಿನ ಬರಹದಲ್ಲಿ ಕಾಣುವುದನ್ನೇ ಬರೆಯಬೇಡಿ. "ಬೆಲ್ಲದ ಹದ ನೋಡುತ್ತಿರುವ ಚಿಕ್ಕಪ್ಪ" ಅನ್ನುವುದು ಅರ್ಧ. ಹದ ನೋಡುವುದನ್ನು ಯಾರಿಂದ ಕಲಿತರು, ಅವರಿಂದ ಕಲಿತವರು ಯಾರಾದರೂ ಇದ್ದಾರಾ ಎಂಬುದು ಚಿತ್ರದಲ್ಲಿ ಕಾಣದು, ಅದನ್ನು ಬರೆಯಿರಿ. ಎರಡು ಸಾಲು ಸಾಕು. ಊರು, ತಿಂಗಳು, ವರ್ಷ ಮರೆಯಬೇಡಿ.

ಇನ್ನೊಂದು ಮುಖ್ಯ ವಿಚಾರ ಒಪ್ಪಿಗೆಯದು. ಅದೇ ಸ್ಮಿತ್ 1971ರಿಂದ ಹೆಂಡತಿ ಐಲೀನ್ ಜೊತೆ ಜಪಾನಿನ ಮಿನಮಾಟದಲ್ಲಿ ಇದ್ದು, ಕಾರ್ಖಾನೆಯ ಪಾದರಸದ ವಿಷಕ್ಕೆ ಸಿಕ್ಕಿದ ಜನರ ಚಿತ್ರ ತೆಗೆದರು. ಅದರಲ್ಲಿ ತಾಯಿಯೊಬ್ಬಳು ಮಗಳಿಗೆ ಸ್ನಾನ ಮಾಡಿಸುವ ಚಿತ್ರ ಜಗತ್ತನ್ನೇ ಕಲಕಿತು. ಮನೆಯವರು ಒಪ್ಪಿಯೇ ತೆಗೆದದ್ದು. ಆದರೂ ಮಗಳು ತೀರಿಹೋಗಿ ವರ್ಷಗಳಾದ ಮೇಲೆ ಅವಳಿಗೆ ಇನ್ನು ವಿಶ್ರಾಂತಿ ಸಿಗಲಿ ಎಂದು ಮನೆಯವರಿಗೆ ಅನ್ನಿಸಿತು. ಆ ಮನಸ್ಸಿಗೆ ಬೆಲೆ ಕೊಟ್ಟು ಐಲೀನ್ 1998ರಲ್ಲಿ ಆ ಚಿತ್ರವನ್ನು ಹೊಸದಾಗಿ ಪ್ರಕಟಿಸಲು ಕೊಡುವುದನ್ನು ನಿಲ್ಲಿಸಿದರು. ಅಷ್ಟು ದೊಡ್ಡ ಚಿತ್ರಕ್ಕೇ ಹೀಗೆ ಮಾಡಬಹುದಾದರೆ ನಾವೂ ಮಾಡಬಹುದು. ಚಿಕ್ಕಪ್ಪ ನಿಮ್ಮವರು ಎಂದು ಅವರ ಸಾಲದ ಲೆಕ್ಕದ ಪುಸ್ತಕವನ್ನು ಕೇಳದೆ ಊರಿಗೆಲ್ಲ ತೋರಿಸಬೇಡಿ. ಕೆಲಸಗಾರರಿಗೆ ಅವರ ಭಾಷೆಯಲ್ಲೇ ಯಾಕೆ ತೆಗೆಯುತ್ತಿದ್ದೀರಿ ಎಂದು ಹೇಳಿ. ಮಾಲೀಕರ ಮನೆಯ ಹುಡುಗಿ ಕೇಳಿದಾಗ ಬೇಡ ಅನ್ನುವುದು ಅವರಿಗೆ ಸುಲಭ ಇರುವುದಿಲ್ಲ. ಹಾಗಾಗಿ ಮುಖ ತಿರುಗಿಸಿಕೊಂಡರೆ ಅದೇ ಬೇಡ ಎಂದು ತಿಳಿಯಿರಿ. ಮುಗಿದ ಸಾಲನ್ನು ಬೇರೆಯವರಿಗಿಂತ ಮೊದಲು ಅವರಿಗೆ ತೋರಿಸಿ, ಬೇಡ ಅಂದ ಚಿತ್ರವನ್ನು ಸಾಲಿನಿಂದ ತೆಗೆದುಹಾಕಿ. ಪ್ರತಿಯೊಬ್ಬರಿಗೂ ಒಂದು ಪ್ರಿಂಟ್ ಕೊಡಿ.

ಕೊನೆಗೆ ಒಂದು ಕೆಲಸ ಇವತ್ತೇ ಮಾಡಿ. ನನಗೆ ಬಂದ ಹನ್ನೆರಡೂ ವಾಟ್ಸಾಪ್‌ನಲ್ಲಿ ಕುಗ್ಗಿಹೋದ ಫೈಲುಗಳು. ನಿಮ್ಮ ಫೋನಿನಲ್ಲಿರುವ ಮೂಲ ಫೋಟೋಗಳನ್ನೆಲ್ಲ, ಬೇಡ ಅನ್ನಿಸಿದ್ದನ್ನೂ ಸೇರಿಸಿ, ಎರಡು ಬೇರೆ ಬೇರೆ ಜಾಗದಲ್ಲಿ ಕಾಪಿ ಮಾಡಿಡಿ. ಒಂದು ಹಾರ್ಡ್ ಡಿಸ್ಕಿನಲ್ಲಿ, ಒಂದು ಆನ್‌ಲೈನಿನಲ್ಲಿ. ಫೋಲ್ಡರಿಗೆ ತಿಂಗಳು, ವರ್ಷದ ಹೆಸರಿಡಿ. ಈ ಸೀಸನ್ ಮುಗಿಯುವುದರೊಳಗೆ ಚಿಕ್ಕಪ್ಪನ ಜೊತೆ ಕೂತು ಮಾತಾಡಿದ ಮೇಲೆ, ನಿಮ್ಮ ಪ್ರಶ್ನೆ ಯಾವುದು ಎಂದು ಒಂದೇ ಸಾಲಿನಲ್ಲಿ ಬರೆದು ಕಳಿಸಿ. ಹೊಸ ಚಿತ್ರಗಳನ್ನು ಆಮೇಲೆ ನೋಡೋಣ.